ಬಿ.ಎಡ್.ನಲ್ಲಿ ಲೆಕ್ಕ ಬರೆಯುವುದನ್ನೂ ಕಲಿಸಿ

ಸಂಪಾದಕರೇ,

ನಾನು 6ರಿಂದ 8ನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲೇ 20 ವಾರ ತರಬೇತಿ ಬಂತು. ಒಳ್ಳೆಯದೇ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಬಿಸಿಯೂಟದ ದಾಸ್ತಾನು ಪುಸ್ತಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಯ ನಗದು ಪುಸ್ತಕ ಕೈಗೆ ಬಂದಾಗ ಜಮಾ ಎಲ್ಲಿ, ಖರ್ಚು ಎಲ್ಲಿ ಬರೆಯಬೇಕೆಂದೂ ತಿಳಿಯದೆ ಕಣ್ಣಲ್ಲಿ ನೀರು ಬಂತು. ಬಿಬಿಎ ಓದುತ್ತಿದ್ದ ತಂಗಿ ಹೇಳಿಕೊಟ್ಟಳು. ಒಂದೇ ಸಂಜೆ ಸಾಕಾಯಿತು! ಬಜೆಟ್ ಹಾಕುವುದು, ಕೆಲಸ ಹಂಚುವುದು ಎಲ್ಲ ಅವಳ ಕೋರ್ಸ್‌ನಲ್ಲಿದೆ. ನಾನು ಓದಿದ ಶಾಲಾ ನಿರ್ವಹಣೆಯಲ್ಲಿ ಬಾಯಿಪಾಠದ ವ್ಯಾಖ್ಯೆಗಳೇ ಜಾಸ್ತಿ. ಆ 20 ವಾರದಲ್ಲಿ ಎರಡು ವಾರವಾದರೂ ಮುಖ್ಯಶಿಕ್ಷಕರ ಪಕ್ಕ ಕೂರಿಸಿ ಲೆಕ್ಕ ಬರೆಸಲಿ. ಮಕ್ಕಳ ಪಾಠದ ಹೊತ್ತು ಉಳಿಯುತ್ತದೆ, ಅಲ್ವಾ?

– ಒಬ್ಬ ಶಿಕ್ಷಕಿ, ಹಾವೇರಿ ಜಿಲ್ಲೆ