ಕಾಂಪೋಸ್ಟ್ ಡ್ರಮ್ಮಿನ ಲೀಟರ್ ಲೆಕ್ಕ ಕೋಳಿ ಹಿಕ್ಕೆಗೆ ಸಾಲದು

ಮಾನ್ಯ ಸಂಪಾದಕರೇ,

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರಿಗೆ ಗೂಡಿನ ಹಾಸನ್ನು (ನೆಲಕ್ಕೆ ಹರಡಿದ ಹೊಟ್ಟು, ಅದರಲ್ಲಿ ಬೆರೆತ ಹಿಕ್ಕೆ) ಗೊಬ್ಬರ ಮಾಡಿಕೊಳ್ಳಲು ತಿರುಗಿಸುವ ಕಾಂಪೋಸ್ಟ್ ಡ್ರಮ್ ಒಳ್ಳೆಯ ಸಾಧನವೇ. ಇಲಿ, ನಾಯಿಗಳ ಕಾಟ ತಪ್ಪುತ್ತದೆ, ಮಳೆಗೆ ಗೊಬ್ಬರದ ಸಾರ ತೊಳೆದುಹೋಗುವುದಿಲ್ಲ. ಆದರೆ ಇಂಥ ಹೆಚ್ಚಿನ ಡ್ರಮ್ಮುಗಳು ಅಡುಗೆಮನೆಯ ಕಸಕ್ಕೆಂದು ಮಾಡಿದವು. ಮೇಲೆ ಅಚ್ಚಾಗಿರುವ ಲೀಟರನ್ನಷ್ಟೇ ನೋಡಿ ಕೊಂಡರೆ ಎರಡನೇ ತಿಂಗಳಿಗೇ ಜಾಗ ಸಾಲದೆ ಕೆಲಸ ನಿಲ್ಲುತ್ತದೆ. ಒಂದೊಂದು ಖಾನೆಗೂ ನಿಜವಾಗಿ ಎಷ್ಟು ತುಂಬಬಹುದು, ಸ್ಟ್ಯಾಂಡು ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ತಯಾರಕರು ಡ್ರಮ್ಮಿನ ಮೇಲೆಯೇ ನಮೂದಿಸಬೇಕು.

‘200 ಲೀಟರ್’ ಎಂದು ಬರೆದ ಎರಡು ಖಾನೆಯ ಡ್ರಮ್ಮನ್ನೇ ತೆಗೆದುಕೊಳ್ಳಿ. ಒಂದು ಖಾನೆಗೆ ಬರುವುದು 100 ಲೀಟರ್. ತಿರುಗಿಸಿದಾಗ ಒಳಗಿನದು ಹೊರಳಬೇಕಾದರೆ ಮೂರನೇ ಒಂದು ಭಾಗ ಖಾಲಿ ಇರಲೇಬೇಕು. ಉಳಿದದ್ದು ಸುಮಾರು 65 ಲೀಟರ್. ಒಂದು ಮೊಟ್ಟೆಕೋಳಿ ದಿನಕ್ಕೆ 100ರಿಂದ 120 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಆರು ಕೋಳಿಗೆ ತಿಂಗಳಿಗೆ 20 ಕಿಲೊ ಆಯಿತು, ಅಳತೆಯಲ್ಲೂ ಹತ್ತಿರಹತ್ತಿರ 20 ಲೀಟರ್. ಅದರ ಎರಡು ಪಟ್ಟಾದರೂ ಹೊಟ್ಟು, ತರಗೆಲೆ ಬೆರೆಯಬೇಕು. ಅಲ್ಲಿಗೆ 60 ಲೀಟರ್. ಒಂದೇ ತಿಂಗಳಿಗೆ ಖಾನೆ ಭರ್ತಿ. ಒಳಗಿನದು ಕೊಳೆತು ಮಾಗಲು ಕಡಿಮೆಯೆಂದರೂ ಎರಡು ತಿಂಗಳು ಬೇಕು. ಮೊದಲ ಖಾನೆಯದು ಮಾಗುವ ಮೊದಲೇ ಎರಡನೆಯದೂ ತುಂಬಿಬಿಡುತ್ತದೆ. ಹಾಗಾಗಿ ಈ ಡ್ರಮ್ ಮೂರು ಕೋಳಿಗೆ ಸರಿ. ಆರು ಕೋಳಿಗೆ ತಲಾ 200 ಲೀಟರಿನ ಎರಡು ಖಾನೆಗಳೇ ಬೇಕು. ಹಗಲೆಲ್ಲ ಹೊರಗೆ ಮೇಯುವ ಕೋಳಿಗಳಾದರೆ ಗೂಡಿನಲ್ಲಿ ಬೀಳುವುದು ಕಡಿಮೆ, ಲೆಕ್ಕವನ್ನು ಅಷ್ಟು ಇಳಿಸಿಕೊಳ್ಳಬಹುದು. ಒಂದೇ ಖಾನೆಯದನ್ನು ಮಾತ್ರ ಕೊಳ್ಳಲೇಬೇಡಿ. ಮಾಗುತ್ತಿರುವುದರ ಮೇಲೆ ದಿನವೂ ಹಸಿ ಹಿಕ್ಕೆ ಬೀಳುತ್ತಿದ್ದರೆ ಗೊಬ್ಬರ ಯಾವತ್ತೂ ಮುಗಿಯುವುದಿಲ್ಲ, ರೋಗಾಣುಗಳೂ ಹೊಸದಾಗಿ ಸೇರುತ್ತಲೇ ಇರುತ್ತವೆ.

ಇನ್ನು ಭಾರ. ಎರಡೂ ಖಾನೆಗಳ 130 ಲೀಟರ್ ಒದ್ದೆ ಮಿಶ್ರಣ 70–80 ಕಿಲೊ ತೂಗುತ್ತದೆ. ತಲೆಕೆಳಗಾಗಿ ಪಲ್ಟಿ ಹೊಡೆಯುವ ಬಗೆಯ ಡ್ರಮ್ಮಿನಲ್ಲಿ ಅಷ್ಟೂ ಭಾರ ಒಂದು ತುದಿಗೆ ಇಳಿದು ಕೂರುತ್ತದೆ, ಎತ್ತಿ ತಿರುಗಿಸಲು ಇಬ್ಬರು ಬೇಕಾಗುತ್ತಾರೆ. ಅಡ್ಡಲಾಗಿ ಮಲಗಿಸಿದ ಡ್ರಮ್, ಈ ತುದಿಯಿಂದ ಆ ತುದಿಗೆ ಹಾಯ್ದ ಕಬ್ಬಿಣದ ಪೈಪು ಇರುವುದು ವಾಸಿ. ಪ್ಲಾಸ್ಟಿಕ್ ಮುಚ್ಚಳಕ್ಕೆ ಬೋಲ್ಟ್ ಹಾಕಿ ಕೂರಿಸಿದ ಗಿಡ್ಡ ಅಚ್ಚುಗಳ ಸುತ್ತ ಬಿರುಕು ಬಿಡುತ್ತದೆ. ತಗಡಿನ ಡ್ರಮ್ಮಿಗೆ ಸತುವಿನ ಲೇಪನ ಇದ್ದರೂ ಹಿಕ್ಕೆಯ ಅಮೋನಿಯಾ ಮತ್ತು ತೇವ ಸೇರಿ ತಿನ್ನುತ್ತವೆ. ತುಕ್ಕು ಮೊದಲು ಕಾಣುವುದು ಸ್ಕ್ರೂಗಳ ಬುಡದಲ್ಲಿ, ಬಾಗಿಲ ಅಂಚಿನಲ್ಲಿ. ಬಿಸಿಲು ತಡೆಯುವ ದಪ್ಪ ಪ್ಲಾಸ್ಟಿಕ್, ಸ್ಟೇನ್‌ಲೆಸ್ ಬೋಲ್ಟ್ ಇದ್ದರೆ ಬಾಳಿಕೆ ಹೆಚ್ಚು. ಜಾರುವ ಬಾಗಿಲಿನ ತೋಡಿನಲ್ಲಿ ಹೊಟ್ಟು ಸಿಕ್ಕಿಕೊಂಡು ಬಾಗಿಲೇ ಹಿಡಿದುಕೊಳ್ಳುತ್ತದೆ, ಕೀಲಿನ ಬಾಗಿಲು ಒಳ್ಳೆಯದು. ಗಾಳಿಯ ತೂತುಗಳಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಇರಲಿ, ಇಲ್ಲದಿದ್ದರೆ ಭತ್ತದ ಹೊಟ್ಟು ಉದುರುತ್ತದೆ, ನೊಣ ಒಳಗೆ ಹೋಗುತ್ತದೆ. ಬಾಗಿಲು ಕೆಳಮುಖವಾದಾಗ ಅಡಿಗೆ ಒಂದು ಬಾಣಲಿ ತೂರುವಷ್ಟು ಎತ್ತರವಿದೆಯೇ ಎಂದು ಕೊಳ್ಳುವ ಮೊದಲೇ ನೋಡಿ.

ಬಹಳ ಜನ ಸೋಲುವುದು ಉಂಡೆಗಳಿಂದ. ಒದ್ದೆ ಹಿಕ್ಕೆ ಉರುಳಿ ಉರುಳಿ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟುತ್ತದೆ. ಒಂದನ್ನು ಒಡೆದು ನೋಡಿ: ಹೊರಗೆ ಕಪ್ಪು ಪುಡಿ, ಒಳಗೆ ಹಸಿರು ಮಿಶ್ರಿತ ಕಂದು ಅಂಟು, ಕೆಟ್ಟ ವಾಸನೆ. ಗಾಳಿ ಒಳಗೆ ಹೋಗಿಯೇ ಇರುವುದಿಲ್ಲ. ಒಳಗೋಡೆಯಲ್ಲಿ ರೆಕ್ಕೆಪಟ್ಟಿಗಳಿದ್ದರೆ ಇದು ಕಡಿಮೆಯಾಗುತ್ತದೆ. ಉಂಡೆ ಕಟ್ಟಿದ್ದರೆ ಕೈಯಿಂದ ಒಡೆದು, ಒಣ ಎಲೆ, ಸಣ್ಣ ಕಡ್ಡಿಗಳನ್ನು ಸೇರಿಸಿ. ದಿನವೂ ತಿರುಗಿಸಬೇಕಿಲ್ಲ. ಎರಡು ಮೂರು ದಿನಕ್ಕೊಮ್ಮೆ ನಾಲ್ಕೈದು ಸುತ್ತು ಸಾಕು. ಅತಿಯಾದರೆ ಉಂಡೆಯೂ ಹೆಚ್ಚು, ಕಾವೂ ಆರುತ್ತದೆ.

ಗೂಡಿನ ಹಾಸೆಲ್ಲ ಒಂದೇ ತರಹ ಇರುವುದಿಲ್ಲ. ಕೋಳಿ ಕೂರುವ ಗಳುವಿನ ಕೆಳಗಿನದು ಬಹುಪಾಲು ಹಿಕ್ಕೆಯೇ. ಒಂದು ಬಕೆಟ್ಟಿಗೆ ಎರಡು ಮೂರು ಬಕೆಟ್ ತರಗೆಲೆ ಬೇಕು. ಉಳಿದ ನೆಲದ್ದು ಬರೀ ಹೊಟ್ಟಿನಂತೆ ಒಣಗಿದ್ದರೆ ಅದಕ್ಕೆ ಬೇಕಾದ್ದು ಎಲೆಯಲ್ಲ, ನೀರು. ಕಾಲು ಭಾಗ ಮಾತ್ರ ತೇವವಿರುವ 20 ಕಿಲೊ ಹಾಸು ಅರ್ಧ ತೇವಕ್ಕೆ ಬರಲು 10 ಲೀಟರ್ ನೀರು ಹಿಡಿಯುತ್ತದೆ. ಅಷ್ಟನ್ನೂ ಡ್ರಮ್ಮಿಗೆ ಸುರಿದರೆ ಹೊಟ್ಟು ಹೀರದೆ ತೂತಿನಿಂದ ಸೋರುತ್ತದೆ. ಹಿಂದಿನ ಸಂಜೆ ಟಾರ್ಪಾಲಿನ ಮೇಲೆ ಹರಡಿ, ಸ್ವಲ್ಪಸ್ವಲ್ಪವೇ ಚಿಮುಕಿಸಿ ಕಲಸಿಟ್ಟು ಮರುದಿನ ತುಂಬಿ. ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ. ಘಾಟು ಮೂಗಿಗೆ ಹೊಡೆದರೆ ಸುಣ್ಣ, ಬೂದಿ ಹಾಕುವ ರೂಢಿ ಇದೆ, ಅದು ತಪ್ಪು. ಕ್ಷಾರ ಹೆಚ್ಚಿದಷ್ಟೂ ಅಮೋನಿಯಾ ಹಾರಿಹೋಗಿ ಗೊಬ್ಬರದ ಸಾರಜನಕ ನಷ್ಟವಾಗುತ್ತದೆ. ಘಾಟಿಗೆ ಮದ್ದು ಒಣ ಎಲೆ.

ಕೋಳಿ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದು ಸಾಯಲು ಮಿಶ್ರಣದ ಎಲ್ಲ ಭಾಗವೂ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಕಾಯಬೇಕು. ಕಾವು ನಿಲ್ಲಲು ಸುಮಾರು ಒಂದು ಘನಮೀಟರ್ ರಾಶಿ ಬೇಕೆನ್ನುವಾಗ, 65 ಲೀಟರಿನ ಖಾನೆಯಲ್ಲಿ ಅದು ನಿಲ್ಲುವುದು ಅಪರೂಪ. ಥರ್ಮಾಮೀಟರ್ ತೂರಿಸಲು ಒಂದು ತೂತನ್ನು ತಯಾರಕರು ಕೊಡಲಿ. ಅಷ್ಟು ಬಿಸಿಯಾಗದಿದ್ದರೆ ಹಸಿ ಗೊಬ್ಬರವೆಂದೇ ಎಣಿಸಿ: ಮಣ್ಣಿಗೆ ಬೆರೆಸಿದ ಮೇಲೆ ಸೊಪ್ಪು, ಮೂಲಂಗಿಯಂಥವನ್ನು 120 ದಿನ, ಮಣ್ಣು ತಾಗದ ಬೆಳೆಯನ್ನು 90 ದಿನ ಕಳೆಯದೆ ಕೊಯ್ಯಬೇಡಿ. ಸತ್ತ ಕೋಳಿಯನ್ನು ಡ್ರಮ್ಮಿಗೆ ಹಾಕಲೇಬಾರದು. ಒಣ ಹಾಸು ಕೆದಕುವಾಗ ಮೂಗಿಗೆ ಮಾಸ್ಕ್ ಇರಲಿ.

ಮಾಗಿದೆಯೇ ಎಂದು ತಿಳಿಯಲು ಒಂದು ಹಿಡಿ ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ನೆರಳಲ್ಲಿಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ತೆಗೆಯಬಹುದು. ಘಾಟು ಅಥವಾ ಹುಳಿ ವಾಸನೆ ಬಂದರೆ ಇನ್ನೆರಡು ವಾರ ಖಾನೆಯಲ್ಲೇ ಬಿಡಿ.

– ಒಬ್ಬ ಓದುಗ