ಫ್ಲಾಟ್ ತೆಗೆಯುವ ಮೊದಲು ಕ್ಯಾಮೆರಾ ಬಿಚ್ಚಬೇಡಿ

ಮಾನ್ಯ ಸಂಪಾದಕರೇ,

ಆಕಾಶದ ಫೋಟೋ ತೆಗೆಯುವ ಬಗ್ಗೆ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಫ್ಲಾಟ್ ಫ್ರೇಮಿನ ವಿಷಯ ಒಂದೇ ಸಾಲಲ್ಲಿ ಮುಗಿಯಿತು. ಫ್ಲಾಟ್ ಅಂದರೆ ಒಂದೇ ಸಮನಾದ ಬೆಳಕಿಗೆ ತೆಗೆದ ಫೋಟೋ; ಆಕಾಶದ ಫೋಟೋವನ್ನು ಅದರಿಂದ ಭಾಗಿಸಿದರೆ ಧೂಳಿನ ಕಲೆ, ಮೂಲೆಯ ಕತ್ತಲು ಹೋಗುತ್ತವೆ. ನಾನು ಎಡವಿದ್ದೇ ಅಲ್ಲಿ.

ಜನವರಿಯಲ್ಲಿ ನಮ್ಮ ಅಡಿಕೆ ಅಂಗಳದಿಂದ ಒರೈಯನ್ ನೀಹಾರಿಕೆ, ಅಂದರೆ ಎಂ 42 ತೆಗೆದೆ. ಅಡಿಕೆ ಒಣಗುವ ಕಾಲ, ಧೂಳು ಜಾಸ್ತಿ. ಫೋಟೋ ತುಂಬ ಉದ್ದಿನ ವಡೆಯಂಥ ಕಲೆಗಳು, ಮೂಲೆಗಳಲ್ಲಿ ಕತ್ತಲು. ಬೆಳಗ್ಗೆ ಟೆಲಿಸ್ಕೋಪಿನ ಬಾಯಿಗೆ ಬಿಳಿ ಬೈರಾಸು (ಟವೆಲ್) ಎರಡು ಮಡಿಕೆ ಕಟ್ಟಿ ಫ್ಲಾಟ್ ತೆಗೆದೆ. ಹಾಕಿ ನೋಡಿದರೆ ಪ್ರತಿ ಕರಿ ವಡೆಯ ಪಕ್ಕ ಒಂದು ಬಿಳಿ ವಡೆ! ರಾತ್ರಿ ಮಂಜಿಗೆ ಹೆದರಿ ಕ್ಯಾಮೆರಾ ಬಿಚ್ಚಿ ಒಳಗಿಟ್ಟಿದ್ದೆ. ಮತ್ತೆ ಹಾಕುವಾಗ ಚೂರು ತಿರುಗಿತ್ತು, ಅಷ್ಟೆ.

ಮರುದಿನ ಕ್ಯಾಮೆರಾ, ಫೋಕಸ್ ಎರಡನ್ನೂ ಮುಟ್ಟಲಿಲ್ಲ. ವಡೆಗಳು ಹೋದವು, ಆದರೆ ಈಗ ಮೂಲೆಗಳು ಬೆಳ್ಳಗೆ! ಒಂದು ವಾರ ಸುಮ್ನೆ ಫ್ಲಾಟನ್ನೇ ಬೈದೆ. ತಪ್ಪು ಅದರದ್ದಲ್ಲ. ಆಕಾಶದ ಫೋಟೋಗಳಿಂದ ಡಾರ್ಕ್ (ಮುಚ್ಚಳ ಹಾಕಿ ಅಷ್ಟೇ ಹೊತ್ತು ತೆಗೆದ ಫೋಟೋ) ಕಳೆಯದೆ ಫ್ಲಾಟಿನಿಂದ ಭಾಗಿಸಿದ್ದೆ. ಬೆಳಕಿಲ್ಲದಾಗಲೂ ಕ್ಯಾಮೆರಾ ಸೇರಿಸುವ ಅಂಕಿ ಹಾಗೇ ಉಳಿದು, ಭಾಗಿಸುವಾಗ ಮೂಲೆಯಲ್ಲಿ ಉಬ್ಬಿತು. ಫ್ಲಾಟಿನಿಂದ ಬಯಾಸ್ (ಮುಚ್ಚಳ ಹಾಕಿ ತೀರಾ ಕಡಿಮೆ ಹೊತ್ತು ತೆಗೆದ ಫೋಟೋ) ಕಳೆಯದಿದ್ದರೆ ಇದರ ಉಲ್ಟಾ, ಮೂಲೆಯ ಕತ್ತಲು ಪೂರ್ತಿ ಹೋಗುವುದಿಲ್ಲ. (ಬೈರಾಸಿಗೂ ಬಯಾಸಿಗೂ ಸಂಬಂಧವಿಲ್ಲ. ಮನೆಯವಳು ಕೇಳಿದಳು.)

ಐಎಸ್‌ಒ (ಕ್ಯಾಮೆರಾದ ಸಂವೇದನೆಯ ಸೆಟ್ಟಿಂಗ್) ಫ್ಲಾಟಿಗೂ ಆಕಾಶದ ಫೋಟೋದ್ದೇ ಇರಲಿ, ಫ್ಲಾಟಿನ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಡುವಿನ ಹತ್ತಿರ ಇರಲಿ. ಇಷ್ಟನ್ನು ಮುಂದಿನ ವಾರ ಒಂದು ಬಾಕ್ಸಿನಲ್ಲಿ ಹಾಕಿದರೆ ಹೊಸಬರಿಗೆ ಉಪಕಾರ.

– ಒಬ್ಬ ಅಡಿಕೆ ಕೃಷಿಕ, ಪೆರ್ಲ, ಕಾಸರಗೋಡು