ತೂಕ ಇಳಿಸುವ ಲೆಕ್ಕ ದಿನಸಿ ಚೀಟಿಯಿಂದ ಶುರುವಾಗಲಿ

ಮಾನ್ಯ ಸಂಪಾದಕರಿಗೆ,

ತೂಕ ಇಳಿಸಲು ಏನು ತಿನ್ನಬೇಕು, ಎಷ್ಟು ದೂರ ನಡೆಯಬೇಕು ಎಂಬ ಸಲಹೆಗಳಿಗೆ ಇಂದು ಕೊರತೆಯಿಲ್ಲ. ಆದರೆ ತಿಂಗಳ ಮೊದಲ ವಾರ ಕಿರಾಣಿ ಅಂಗಡಿಗೆ ಹೋಗುವ ಸಾಮಾನಿನ ಚೀಟಿಯ ಬಗ್ಗೆ ಯಾರಾದರೂ ಬರೆಯುವುದು ಅಪರೂಪ. ನಮ್ಮ ಮನೆಯ ತಪ್ಪು ಇದ್ದದ್ದು ಆ ಚೀಟಿಯಲ್ಲೇ ಎಂಬುದು ತಿಳಿಯಲು ನಮಗೆ ಹೆಚ್ಚುಕಡಿಮೆ ಅರ್ಧ ವರ್ಷ ಬೇಕಾಯಿತು.

ಕಳೆದ ವರ್ಷ ವೈದ್ಯರು ನನಗೂ ನನ್ನ ಯಜಮಾನರಿಗೂ ಒಂದೇ ದಿನ ತೂಕ ಇಳಿಸುವಂತೆ ಹೇಳಿದರು. ಮರುದಿನವೇ ದೊಡ್ಡ ಅಂಗಡಿಗೆ ಹೋಗಿ ಓಟ್ಸ್, ಗ್ರೀನ್ ಟೀ, ಮಲ್ಟಿಗ್ರೇನ್ ಬಿಸ್ಕತ್ತು, ಕಂದು ಸಕ್ಕರೆ ಎಲ್ಲವನ್ನೂ ಹೊತ್ತು ತಂದೆವು. ಚೀಟಿಯಲ್ಲಿ ಮೊದಲಿದ್ದದ್ದೆಲ್ಲ ಹಾಗೇ ಉಳಿದು, ಕೆಳಗೆ ಈ ನಾಲ್ಕು ಹೆಸರುಗಳು ಹೊಸದಾಗಿ ಸೇರಿದವು. ಎರಡು ತಿಂಗಳಲ್ಲಿ ಹಗುರಾದದ್ದು ಯಜಮಾನರ ಜೇಬು ಮಾತ್ರ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ಮಾದರಿ ತಟ್ಟೆಯಿದೆ. ಅದರಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ. ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಅಭ್ಯಾಸದಿಂದ ಇದನ್ನು ನಾಲ್ವರ ನಮ್ಮ ಮನೆಗೆ, ಮೂವತ್ತು ದಿನಕ್ಕೆ ಗುಣಿಸಿ ನೋಡಿದೆ. ಧಾನ್ಯ 30 ಕೆ.ಜಿ., ಬೇಳೆಕಾಳು 10 ಕೆ.ಜಿ.ಗಿಂತ ತುಸು ಹೆಚ್ಚು ಎಂದು ಬಂತು. ನಮ್ಮ ಚೀಟಿಯಲ್ಲಿದ್ದದ್ದು 25 ಕೆ.ಜಿ.ಯ ಒಂದು ಅಕ್ಕಿ ಮೂಟೆ, ಅದರ ಜೊತೆಗೆ ರಾಗಿ, ಗೋಧಿ, ರವೆ, ಅವಲಕ್ಕಿ ಸೇರಿ ಒಟ್ಟು 40 ಕೆ.ಜಿ. ಧಾನ್ಯ, ಬೇಳೆಕಾಳುಗಳೆಲ್ಲ ಕೂಡಿದರೂ ನಾಲ್ಕೂವರೆ ಕೆ.ಜಿ. ದಾಟುತ್ತಿರಲಿಲ್ಲ. ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾಗಿದ್ದ, ಊಟವಾಗಿ ಎರಡು ಗಂಟೆಗೆಲ್ಲ ಮತ್ತೆ ಹಸಿವಾಗಿ ಕೈ ತಾನಾಗಿಯೇ ಖಾರದ ಡಬ್ಬಿಗೆ ಹೋಗುತ್ತಿದ್ದ ಕಾರಣ ನನಗೆ ಆಗ ಹೊಳೆಯಿತು.

ಈಗ ಅಕ್ಕಿ 15 ಕೆ.ಜಿ.ಗೆ ಇಳಿದಿದೆ, ರಾಗಿ 8 ಕೆ.ಜಿ.ಗೆ ಏರಿದೆ. ತೊಗರಿಬೇಳೆಯ ಜೊತೆಗೆ ಹೆಸರುಕಾಳು, ಕಡಲೆಕಾಳು, ಅಲಸಂದೆ ಮತ್ತು, ಮುಖ್ಯವಾಗಿ, ಹುರುಳಿ ಬರುತ್ತಿವೆ. ಎತ್ತುಗಳಿಗೆ ಬೇಯಿಸಿ ಇಡುವ ಕಾಳೆಂದು ಪೇಟೆಯವರು ಕಡೆಗಣಿಸಿದ ಈ ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ವಾರಕ್ಕೆರಡು ದಿನ ಮೊಳಕೆ ಹುರುಳಿಯ ಸಾರು, ಒಂದು ದಿನ ಸೊಪ್ಪು ಕಾಳು ಬೇಯಿಸಿ ಬಸಿದು ಮಾಡುವ ಬಸ್ಸಾರು, ಸಂಜೆ ಬಿಸ್ಕತ್ತಿನ ಬದಲು ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ. ಇದರಲ್ಲಿ ನಮ್ಮ ಅಜ್ಜಿಯರಿಗೆ ಗೊತ್ತಿಲ್ಲದ ಪದಾರ್ಥ ಒಂದೂ ಇಲ್ಲ.

ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಗಿ ತಿಂದರೆ ತೂಕ ಇಳಿಯುತ್ತದೆ ಎಂದು ನಂಬಿ ಎರಡು ಮುದ್ದೆಯ ಜಾಗದಲ್ಲಿ ಮೂರು ನುಂಗುವವರನ್ನು ನಾನು ಕಂಡಿದ್ದೇನೆ. ಹಿಟ್ಟಿನ ಲೆಕ್ಕದಲ್ಲಿ ರಾಗಿಯ ಕ್ಯಾಲೊರಿ ಅಕ್ಕಿಗಿಂತ ಸ್ವಲ್ಪವಷ್ಟೇ ಕಡಿಮೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350, ರಾಗಿಯಲ್ಲಿ ಸುಮಾರು 320. ವ್ಯತ್ಯಾಸ ಇರುವುದು ನಾರಿನಲ್ಲಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಮುಟ್ಟುವುದಿಲ್ಲ, ರಾಗಿಯಲ್ಲಿ ಹನ್ನೊಂದರಷ್ಟಿದೆ. ಆದ್ದರಿಂದಲೇ ಒಂದು ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನವಣೆ, ಸಾಮೆ, ಕೊರಲೆಗಳಿಗೂ ಇದೇ ಮಾತು ಸಲ್ಲುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಅವುಗಳ ಬೆಲೆ ಏರಿದ್ದು ಮಾತ್ರವಲ್ಲ, ಅಕ್ಕಿಯಂತೆ ಬೆಳ್ಳಗೆ ಪಾಲಿಶ್ ಮಾಡಿ ಮಾರುವುದೂ ಹೆಚ್ಚಿದೆ. ನಾರನ್ನೆಲ್ಲ ಗಿರಣಿಯಲ್ಲಿ ಬಿಟ್ಟುಬಂದ ಸಾಮೆಗೆ ದುಪ್ಪಟ್ಟು ಹಣ ಕೊಡುವುದಕ್ಕಿಂತ ರಾಗಿಯೇ ವಾಸಿ.

ಎಣ್ಣೆಯ ಲೆಕ್ಕ ಇನ್ನೂ ಸುಲಭ, ಇನ್ನೂ ಕಹಿ. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಪ್ರತಿ ಗ್ರಾಂಗೆ ಒಂಬತ್ತು ಕ್ಯಾಲೊರಿ. ತಿಂಗಳಿಗೆ ಐದು ಲೀಟರ್ ತರುತ್ತಿದ್ದ ನಾವು ಒಬ್ಬೊಬ್ಬರೂ ದಿನಕ್ಕೆ 38 ಗ್ರಾಂ ಎಣ್ಣೆ ತಿನ್ನುತ್ತಿದ್ದೆವು; ಮಾದರಿ ತಟ್ಟೆಯಲ್ಲಿರುವುದು 27 ಗ್ರಾಂ. ಪ್ಯಾಕೆಟ್ ಕತ್ತರಿಸಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವ ಪದ್ಧತಿಯನ್ನು ಸೊಸೆ ಶುರು ಮಾಡಿದಳು. ಒಂದು ಲೀಟರ್ ಹತ್ತು ದಿನ ಬರಲೇಬೇಕೆಂಬುದು ಈಗ ಅಡುಗೆಮನೆಯ ಕಾನೂನು. ತೆಂಗಿನ ಊರಾದ ತಿಪಟೂರಿನಲ್ಲಿ ಕೂತು ಕಾಯಿತುರಿಯ ವಿರುದ್ಧ ಬರೆಯಲು ಕೈ ನಡುಗುತ್ತದೆ. ಆದರೂ ನೂರು ಗ್ರಾಂ ಹಸಿ ಕಾಯಿಯಲ್ಲಿ 350ಕ್ಕೂ ಹೆಚ್ಚು ಕ್ಯಾಲೊರಿ ಇರುವುದು ಸುಳ್ಳಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಸಾಕೆನ್ನುವವರೂ ಗ್ರಾಂ ಲೆಕ್ಕದಲ್ಲಿ ಎರಡರ ಕ್ಯಾಲೊರಿಯೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಗಮನಿಸಬೇಕು.

ಇಷ್ಟೆಲ್ಲ ನಮ್ಮ ಕೈಯಲ್ಲಿರುವ ವಿಷಯ. ಕೈಯಲ್ಲಿಲ್ಲದ್ದು ಪೊಟ್ಟಣದ ಮೇಲಿನ ಬರಹ. ಮುಂಬದಿಯಲ್ಲಿ ರಾಗಿ ತೆನೆಯ ಚಿತ್ರವಿದ್ದ ಒಂದು ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ಓದಿದೆ. ಮೊದಲ ಹೆಸರು ಸಂಸ್ಕರಿಸಿದ ಗೋಧಿ ಹಿಟ್ಟು, ಅಂದರೆ ಮೈದಾ. ಆಮೇಲೆ ಸಕ್ಕರೆ, ತಾಳೆ ಎಣ್ಣೆ. ನಾಲ್ಕನೆಯದಾಗಿ ರಾಗಿ ಹಿಟ್ಟು, ಶೇ 10. ತೂಕದಲ್ಲಿ ಹೆಚ್ಚಿರುವ ಪದಾರ್ಥವನ್ನು ಮೊದಲು ಬರೆಯಬೇಕೆಂಬ ನಿಯಮ ಇರುವುದರಿಂದಲೇ ಈ ಸತ್ಯ ಹೊರಬಿತ್ತು. ಆದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದ ಪ್ರಕಾರ ಈ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ತಯಾರಕರ ಇಷ್ಟಕ್ಕೆ ಬಿಟ್ಟದ್ದು. ನಮ್ಮ ಬೀದಿಯಲ್ಲಿ ಮನೆಯ ಸಾಮಾನು ತರುವ ಹೆಂಗಸರಲ್ಲಿ ಹೆಚ್ಚಿನವರು ಕನ್ನಡವನ್ನಷ್ಟೇ ಓದಬಲ್ಲವರು. ಅವರ ಪಾಲಿಗೆ ಆ ಪೊಟ್ಟಣದಲ್ಲಿ ಓದಲು ಸಿಗುವುದು ರಾಗಿ ತೆನೆಯ ಚಿತ್ರ ಒಂದೇ.

ಆದ್ದರಿಂದ ಪ್ರಾಧಿಕಾರವೂ ರಾಜ್ಯ ಸರ್ಕಾರವೂ ಈ ವಿಷಯವನ್ನು ಕೈಗೆತ್ತಿಕೊಂಡು, ಕರ್ನಾಟಕದಲ್ಲಿ ಮಾರಾಟವಾಗುವ ಸಿದ್ಧ ಆಹಾರದ ಪೊಟ್ಟಣಗಳ ಮೇಲೆ ಕನಿಷ್ಠ ಮೊದಲ ಮೂರು ಪದಾರ್ಥಗಳ ಹೆಸರನ್ನಾದರೂ ಕನ್ನಡದಲ್ಲಿ, ಅಂಗಡಿಯ ಮಂದ ಬೆಳಕಿನಲ್ಲಿ ಕನ್ನಡಕ ಹಾಕದೆಯೇ ಓದಲಾಗುವಷ್ಟು ದಪ್ಪ ಅಕ್ಷರದಲ್ಲಿ ಮುದ್ರಿಸುವಂತೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕಿ, ತಿಪಟೂರು